ನರ್ಸ್ ಪ್ರಾಕ್ಟೀಷನರ್ ಆಗಲು ಹೊರಟವರಿಗೆ: ಮೊದಲು ರೋಗಿ, ಆಮೇಲೆ ರಾಜ್ಯ, ಕೊನೆಗೆ ಕಾಲೇಜು

ಕರ್ನಾಟಕದಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಅಮೆರಿಕದಲ್ಲಿ ಆರ್‌ಎನ್ (ನೋಂದಾಯಿತ ನರ್ಸ್) ಆಗಿ ಕೆಲಸ ಮಾಡುತ್ತಿರುವವರು ನರ್ಸ್ ಪ್ರಾಕ್ಟೀಷನರ್ (ಎನ್‌ಪಿ, ರೋಗ ಗುರುತಿಸಿ ಔಷಧಿ ಬರೆಯುವ ಉನ್ನತ ತರಬೇತಿಯ ನರ್ಸ್) ಆಗಲು ಹೊರಟಾಗ ಎಡವುವುದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಅವರು ಕೇಳುವ ಮೊದಲ ಪ್ರಶ್ನೆ ‘ಯಾವ ಕಾಲೇಜು?’ ಎರಡನೆಯದು ‘ಎಂಎಸ್‌ಎನ್ ಸಾಕೇ, ಡಿಎನ್‌ಪಿ ಬೇಕೇ?’ (ಮೊದಲನೆಯದು ನರ್ಸಿಂಗ್‌ನ ಸ್ನಾತಕೋತ್ತರ ಪದವಿ, ಎರಡನೆಯದು ಡಾಕ್ಟರೇಟ್.) ಯಾವ ವಿಭಾಗ ಎಂಬ ಮಾತು ಬರುವ ಹೊತ್ತಿಗೆ ಅರ್ಜಿ ಶುಲ್ಕ ಕಟ್ಟಿ ಆಗಿರುತ್ತದೆ. ಸ್ನೇಹಿತೆ ಎಫ್‌ಎನ್‌ಪಿ (ಫ್ಯಾಮಿಲಿ ವಿಭಾಗದ ಎನ್‌ಪಿ) ಓದಿದಳು, ಅದಕ್ಕೆ ತಾವೂ ಎಫ್‌ಎನ್‌ಪಿ. ಮೂರು ವರ್ಷ ಕಳೆದು ಐಸಿಯು ಕೆಲಸಕ್ಕೆ ಅರ್ಜಿ ಹಾಕಿದಾಗ ‘ನಿಮ್ಮ ಪ್ರಮಾಣಪತ್ರ ಈ ಹುದ್ದೆಗೆ ಸರಿಹೊಂದುವುದಿಲ್ಲ’ ಎಂಬ ಉತ್ತರ ಬರುತ್ತದೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹಿಂದುಮುಂದು ಮಾಡಿದರೆ ಪ್ರತಿ ಹಂತದಲ್ಲೂ ಹಣ ಪೋಲಾಗುತ್ತದೆ.

## ಕೈಗೆ ಎಟುಕುವಂತೆ ಇಟ್ಟುಕೊಳ್ಳಬೇಕಾದವು

ನಿಮ್ಮ ಆರ್‌ಎನ್ ಲೈಸೆನ್ಸ್‌ನ ವಿವರ, ಪದವಿ ಅಂಕಪಟ್ಟಿಗಳ ಪ್ರತಿ, ಪದವಿಯ ಮೌಲ್ಯಮಾಪನ ವರದಿ ಈಗಾಗಲೇ ಆಗಿದ್ದರೆ ಅದು, ವೀಸಾ ಕಾಗದಪತ್ರ, ನೀವಿರುವ ರಾಜ್ಯದ ನರ್ಸಿಂಗ್ ಬೋರ್ಡ್‌ನ ಜಾಲತಾಣದಲ್ಲಿ ಎಪಿಆರ್‌ಎನ್ (ಎನ್‌ಪಿ ಸೇರಿದಂತೆ ಉನ್ನತ ತರಬೇತಿಯ ನರ್ಸ್‌ಗಳ) ನಿಯಮಗಳ ಪುಟ. ಇವುಗಳ ಜೊತೆಗೆ ಒಂದು ಖಾಲಿ ನೋಟ್‌ಬುಕ್. ಕಾಲೇಜುಗಳಿಗೆ ಫೋನ್ ಮಾಡಿದಾಗ ಯಾರು ಏನು ಹೇಳಿದರು ಎಂದು ದಿನಾಂಕ ಸಹಿತ ಬರೆದಿಡಲು ಇದು ಬೇಕೇ ಬೇಕು. ಪ್ರವೇಶ ವಿಭಾಗದವರು ಮಾರ್ಚಿನಲ್ಲಿ ಕೊಟ್ಟ ಮಾತು ಸೆಪ್ಟೆಂಬರಿಗೆ ಮರೆತುಹೋಗಿರುತ್ತದೆ.

ಇನ್ನೂ ಕರ್ನಾಟಕದಲ್ಲೇ ಇರುವವರಿಗೆ ಒಂದು ಮಾತು. ಭಾರತೀಯ ನರ್ಸಿಂಗ್ ಕೌನ್ಸಿಲ್ ಕ್ರಿಟಿಕಲ್ ಕೇರ್‌ನಲ್ಲಿ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷದ ಸ್ನಾತಕೋತ್ತರ ಕೋರ್ಸ್ ರೂಪಿಸಿದೆ. ಅದು ಒಳ್ಳೆಯ ತರಬೇತಿಯೇ. ಆದರೆ ಅದನ್ನು ಹಿಡಿದುಕೊಂಡು ಅಮೆರಿಕದಲ್ಲಿ ಎನ್‌ಪಿ ಎಂದು ಕೆಲಸ ಮಾಡಲು ಆಗುವುದಿಲ್ಲ; ಇಲ್ಲಿಯ ಎಂ.ಎಸ್ಸಿ. ನರ್ಸಿಂಗ್‌ನಿಂದಲೂ ಆಗುವುದಿಲ್ಲ. ಅಲ್ಲಿ ಮೊದಲು ಎನ್‌ಕ್ಲೆಕ್ಸ್ ಎಂಬ ಲೈಸೆನ್ಸ್ ಪರೀಕ್ಷೆ ಬರೆದು ಆರ್‌ಎನ್ ಆಗಬೇಕು, ನಂತರ ಅಲ್ಲಿಯ ಮಾನ್ಯತೆ ಪಡೆದ ಎನ್‌ಪಿ ಕೋರ್ಸ್ ಮುಗಿಸಬೇಕು. ಈ ಲೇಖನ ಶುರುವಾಗುವುದು ಆರ್‌ಎನ್ ಲೈಸೆನ್ಸ್ ಕೈಗೆ ಬಂದ ಮೇಲಿನಿಂದ.

## ಹಂತ 1: ಯಾವ ರೋಗಿಗಳು ಎಂದು ತೀರ್ಮಾನಿಸಿ

ಅಮೆರಿಕದಲ್ಲಿ ಎನ್‌ಪಿ ಲೈಸೆನ್ಸ್ ಎಲ್ಲ ರೋಗಿಗಳಿಗೂ ಅನ್ವಯಿಸುವ ಒಂದೇ ಲೈಸೆನ್ಸ್ ಅಲ್ಲ. ನರ್ಸಿಂಗ್ ಸಂಸ್ಥೆಗಳು ಸೇರಿ ಒಪ್ಪಿಕೊಂಡ 2008ರ ಒಮ್ಮತದ ಮಾದರಿಯ ಪ್ರಕಾರ ಆರು ಗುಂಪುಗಳಿವೆ: ಎಲ್ಲ ವಯಸ್ಸಿನವರನ್ನು ನೋಡುವ ಫ್ಯಾಮಿಲಿ, ವಯಸ್ಕರು ಮತ್ತು ವೃದ್ಧರು, ಮಕ್ಕಳು, ನವಜಾತ ಶಿಶುಗಳು, ಮಹಿಳೆಯರ ಆರೋಗ್ಯ, ಮನೋರೋಗ. ನೀವು ಓದುವುದು, ಪರೀಕ್ಷೆ ಬರೆಯುವುದು, ಲೈಸೆನ್ಸ್ ಪಡೆಯುವುದು ಇವುಗಳಲ್ಲಿ ಒಂದರಲ್ಲಿ. ಆಮೇಲೆ ಬದಲಿಸಬೇಕೆಂದರೆ ಮತ್ತೆ ಕಾಲೇಜಿಗೆ ಹೋಗಬೇಕು.

ಈ ಹಂತದಲ್ಲಿ ಸಂಬಳದ ಪಟ್ಟಿ ನೋಡುತ್ತಾ ಕೂರಬೇಡಿ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ 2023ರ ಲೆಕ್ಕದಲ್ಲಿ ಎನ್‌ಪಿಗಳ ಮಧ್ಯಮ ವಾರ್ಷಿಕ ಸಂಬಳ 1,26,260 ಡಾಲರ್, ಆರ್‌ಎನ್‌ಗಳದು 86,070 ಡಾಲರ್. ದೊಡ್ಡ ಜಿಗಿತ ಇಲ್ಲೇ ಇದೆ. ಎನ್‌ಪಿ ವಿಭಾಗಗಳ ನಡುವಿನ ಅಂತರ ಊರು ಬದಲಾದರೆ ತಲೆಕೆಳಗಾಗುತ್ತದೆ.

ಅದರ ಬದಲು ಕಳೆದ ಒಂದು ವರ್ಷದ ನಿಮ್ಮ ಡ್ಯೂಟಿಗಳನ್ನು ನೆನೆಯಿರಿ. ಮನೆಗೆ ಬಂದ ಮೇಲೂ ಯಾವ ರೋಗಿಯ ಬಗ್ಗೆ ಓದಬೇಕೆನಿಸಿತು? ಯಾವ ಕೆಲಸದಲ್ಲಿ ಹನ್ನೆರಡು ಗಂಟೆ ಹೋದದ್ದು ಗೊತ್ತಾಗಲಿಲ್ಲ? ಸಕ್ಕರೆ ಕಾಯಿಲೆಯ ಒಬ್ಬರನ್ನು ಮೂರು ತಿಂಗಳಿಗೊಮ್ಮೆ ನೋಡಿ, ಅದೇ ಮಾತನ್ನು ತಾಳ್ಮೆಯಿಂದ ಮತ್ತೆ ಹೇಳುವುದು ನಿಮಗೆ ಒಗ್ಗುತ್ತದೆಯೇ, ಅಥವಾ ರಕ್ತದೊತ್ತಡ ಕುಸಿಯುತ್ತಿರುವ ರೋಗಿಯ ಪಕ್ಕದಲ್ಲೇ ನಿಮ್ಮ ತಲೆ ಚುರುಕಾಗುತ್ತದೆಯೇ? ಎರಡನೆಯದು ಎಂದಾದರೆ ಫ್ಯಾಮಿಲಿ ವಿಭಾಗ ನಿಮಗಲ್ಲ, ಎಷ್ಟೇ ಜನ ಅದನ್ನು ಓದುತ್ತಿದ್ದರೂ.

ಪ್ರತಿ ಗುಂಪಿಗೂ ಒಂದೊಂದು ತೊಡಕು ಇದೆ. ನವಜಾತ ಶಿಶು ವಿಭಾಗಕ್ಕೆ ಕ್ಲಿನಿಕಲ್ (ರೋಗಿಗಳ ನಡುವಿನ ತರಬೇತಿ) ಶುರುವಾಗುವ ಮೊದಲು ಗಂಭೀರ ಸ್ಥಿತಿಯ ಶಿಶುಗಳಿರುವ ಎನ್‌ಐಸಿಯುವಿನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಎರಡು ವರ್ಷದ ಅನುಭವ ಕೇಳುತ್ತಾರೆ. ಮೆಡಿಕಲ್ ವಾರ್ಡಿನ ಹತ್ತು ವರ್ಷ ಅಲ್ಲಿ ಲೆಕ್ಕಕ್ಕಿಲ್ಲ. ಮಹಿಳಾ ಆರೋಗ್ಯದ ಎನ್‌ಪಿ ಹೆರಿಗೆ ಮಾಡಿಸುವುದಿಲ್ಲ, ಅದು ನರ್ಸ್ ಮಿಡ್‌ವೈಫ್‌ನ ಕೆಲಸ, ಬೇರೆಯೇ ಕೋರ್ಸ್. ಅರಿವಳಿಕೆ ನೀಡುವ ಸಿಆರ್‌ಎನ್‌ಎ ಕೂಡ ಎನ್‌ಪಿ ಅಲ್ಲ. 2022ರಿಂದ ಆ ಕೋರ್ಸಿಗೆ ಸೇರುವವರೆಲ್ಲ ಡಾಕ್ಟರೇಟ್ ಮಟ್ಟದಲ್ಲೇ ಸೇರಬೇಕು.

ಮನೋರೋಗ ವಿಭಾಗಕ್ಕೆ ಈಗ ನೂಕುನುಗ್ಗಲು. ಮನೆಯಿಂದ ವೀಡಿಯೊದಲ್ಲಿ ಕೆಲಸ ಮಾಡಬಹುದು ಎಂಬುದು ಆಕರ್ಷಣೆ. ಸೈಕಿಯಾಟ್ರಿ ವಾರ್ಡಿನಲ್ಲಿ ಒಂದು ದಿನವೂ ನಿಲ್ಲದವರು ಈ ಕಾರಣಕ್ಕೆ ಸೇರುವುದು ನನಗೆ ಸರಿ ಕಾಣುವುದಿಲ್ಲ. ನಿಮ್ಹಾನ್ಸ್‌ನಂಥ ಕಡೆ ಕೆಲಸ ಮಾಡಿ ಹೋದವರ ಮಾತು ಬೇರೆ, ಅವರಿಗೆ ತಾವು ಎಲ್ಲಿ ಕಾಲಿಡುತ್ತಿದ್ದೇವೆ ಎಂಬುದು ಗೊತ್ತಿರುತ್ತದೆ.

## ಹಂತ 2: ಕ್ಲಿನಿಕ್ಕೋ ಆಸ್ಪತ್ರೆಯೋ

ಹೆಚ್ಚು ಜನ ದಾಟಿಕೊಂಡು ಹೋಗುವ ಹಂತ ಇದು. ವಯಸ್ಕರು–ವೃದ್ಧರ ವಿಭಾಗ ಮತ್ತು ಮಕ್ಕಳ ವಿಭಾಗ ಎರಡೂ ಮತ್ತೆ ಒಡೆಯುತ್ತವೆ: ಪ್ರೈಮರಿ ಕೇರ್ (ಕ್ಲಿನಿಕ್ಕಿನ ದಿನನಿತ್ಯದ ಆರೈಕೆ), ಅಕ್ಯೂಟ್ ಕೇರ್ (ಆಸ್ಪತ್ರೆಯ ಗಂಭೀರ ರೋಗಿಗಳ ಆರೈಕೆ). ಹೆಸರು ಹತ್ತಿರ ಹತ್ತಿರ ಇದ್ದರೂ ಪಠ್ಯ, ಕ್ಲಿನಿಕಲ್, ಪರೀಕ್ಷೆ ಎಲ್ಲವೂ ಬೇರೆ. ಫ್ಯಾಮಿಲಿ ವಿಭಾಗ ಪೂರ್ತಿಯಾಗಿ ಪ್ರೈಮರಿ ಕೇರ್ ಕಡೆಗೆ ಸೇರಿದ್ದು.

ಅಮೆರಿಕದ ಎನ್‌ಪಿಗಳಲ್ಲಿ ಸರಿಸುಮಾರು ಹತ್ತಕ್ಕೆ ಏಳು ಮಂದಿ ಎಫ್‌ಎನ್‌ಪಿಗಳು. ‘ಎಫ್‌ಎನ್‌ಪಿ ಓದಿದರೆ ಎಲ್ಲಿ ಬೇಕಾದರೂ ಕೆಲಸ ಸಿಗುತ್ತದೆ’ ಎಂಬ ಮಾತು ಹುಟ್ಟಿದ್ದು ಇದರಿಂದಲೇ. ಆ ಮಾತು ಅರ್ಧ ಮಾತ್ರ ನಿಜ. ಎಲ್ಲ ವಯಸ್ಸಿನವರನ್ನು ನೋಡಬಹುದು, ಎಲ್ಲ ಸ್ಥಿತಿಯವರನ್ನು ಅಲ್ಲ. ವೆಂಟಿಲೇಟರ್ ಮೇಲಿರುವ, ಸ್ಥಿತಿ ಗಳಿಗೆಗೊಮ್ಮೆ ಬದಲಾಗುವ ರೋಗಿಯನ್ನು ನಿಭಾಯಿಸುವ ತರಬೇತಿ ಆ ಕೋರ್ಸಿನಲ್ಲಿ ಇಲ್ಲ. ಕೆಲವು ಆಸ್ಪತ್ರೆಗಳು ಎಫ್‌ಎನ್‌ಪಿಗಳನ್ನು ವಾರ್ಡಿಗೆ ತೆಗೆದುಕೊಂಡಿವೆ ನಿಜ, ಆದರೆ ಆಸ್ಪತ್ರೆ ಕೆಲಸ ಕೊಟ್ಟಿತು ಎಂದ ಮಾತ್ರಕ್ಕೆ ನರ್ಸಿಂಗ್ ಬೋರ್ಡ್ ಒಪ್ಪಿತು ಎಂದಲ್ಲ. ದೂರು ಬಂದ ದಿನ ಬೋರ್ಡ್ ಕೇಳುವುದು ‘ಈ ರೋಗಿಗೆ ಬೇಕಾದ ಆರೈಕೆಗೆ ನೀವು ತರಬೇತಿ ಪಡೆದಿದ್ದೀರಾ?’ ಎಂದು. ಉತ್ತರಿಸಬೇಕಾದವರು ನೀವು, ಮ್ಯಾನೇಜರ್ ಅಲ್ಲ.

ಇದರ ಇನ್ನೊಂದು ಮಗ್ಗುಲನ್ನೂ ನೋಡಿ. ಅಕ್ಯೂಟ್ ಕೇರ್ ಓದಿದವರು ಐದು ವರ್ಷ ನೈಟ್ ಡ್ಯೂಟಿ ಮಾಡಿ ದಣಿದು, ಮಕ್ಕಳ ಶಾಲೆಯ ಸಮಯಕ್ಕೆ ಹೊಂದುವ ಕ್ಲಿನಿಕ್ ಕೆಲಸ ಬೇಕೆಂದಾಗ ಅಲ್ಲಿಯೂ ಬಾಗಿಲು ಅರ್ಧ ಮುಚ್ಚಿರುತ್ತದೆ. ಆದ್ದರಿಂದ ಈಗಿನ ಉತ್ಸಾಹದ ಜೊತೆಗೆ ಹತ್ತು ವರ್ಷದ ನಂತರದ ಮೊಣಕಾಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಮಾಡಬೇಕಾದ ಕೆಲಸ: ನೀವು ನೆಲೆಸಲಿರುವ ಊರಿನ ಸುತ್ತಮುತ್ತಲ ಎನ್‌ಪಿ ಹುದ್ದೆಗಳ ಜಾಹೀರಾತುಗಳನ್ನು ತೆರೆಯಿರಿ. ಯಾವ ಹುದ್ದೆಗೆ ಯಾವ ಪ್ರಮಾಣಪತ್ರ ಕೇಳಿದ್ದಾರೆ ಎಂಬುದನ್ನು ಮಾತ್ರ ಬರೆದುಕೊಳ್ಳಿ. ಒಂದು ಸಂಜೆಯ ಈ ಕೆಲಸ ಯಾವ ಸಲಹೆಗಾರನಿಗಿಂತಲೂ ಚೆನ್ನಾಗಿ ದಾರಿ ತೋರಿಸುತ್ತದೆ.

## ಹಂತ 3: ರಾಜ್ಯದ ನಿಯಮ ಓದಿ

ಎನ್‌ಪಿಗೆ ಎಷ್ಟು ಸ್ವಾತಂತ್ರ್ಯ ಎಂಬುದನ್ನು ತೀರ್ಮಾನಿಸುವುದು ರಾಜ್ಯ. ವಾಷಿಂಗ್ಟನ್, ಒರೆಗಾನ್, ಅರಿಜೋನಾಗಳಲ್ಲಿ ಎನ್‌ಪಿ ತಾನೇ ಪರೀಕ್ಷಿಸಿ, ರೋಗ ಗುರುತಿಸಿ, ಔಷಧಿ ಬರೆಯಬಹುದು. ಟೆಕ್ಸಸ್, ಜಾರ್ಜಿಯಾಗಳಲ್ಲಿ ವೈದ್ಯರೊಬ್ಬರೊಂದಿಗೆ ಲಿಖಿತ ಒಪ್ಪಂದ ಇರಲೇಬೇಕು. ನ್ಯೂಯಾರ್ಕ್‌ನಲ್ಲಿ 2022ರ ಬದಲಾವಣೆಯ ನಂತರ 3,600 ಗಂಟೆಗೂ ಹೆಚ್ಚು ಕೆಲಸ ಮಾಡಿದವರಿಗೆ ಆ ಲಿಖಿತ ಒಪ್ಪಂದ ಬೇಕಿಲ್ಲ. ಕ್ಯಾಲಿಫೋರ್ನಿಯಾ ಹಂತ ಹಂತವಾಗಿ ಸ್ವಾತಂತ್ರ್ಯ ಕೊಡುತ್ತಿದೆ. ಮೊದಲ ಮೆಟ್ಟಿಲಿಗೇ ಮೂರು ವರ್ಷ ಅಥವಾ 4,600 ಗಂಟೆಗಳ ಅನುಭವ ಬೇಕು.

ಇದು ವಿಭಾಗದ ಆಯ್ಕೆಯನ್ನೇ ಹೇಗೆ ಬದಲಿಸುತ್ತದೆ ಎಂಬುದಕ್ಕೆ ಡಲ್ಲಾಸ್‌ನಲ್ಲಿ ಮನೆ ಮಾಡಿರುವವರ ಉದಾಹರಣೆ ತೆಗೆದುಕೊಳ್ಳಿ. ಮನೋರೋಗ ವಿಭಾಗ ಓದಿ, ಸ್ವಂತ ಹೊರರೋಗಿ ಕ್ಲಿನಿಕ್ ತೆರೆದು, ಗಮನ ಕೊರತೆಯಿರುವ ಮಕ್ಕಳನ್ನು ನೋಡಬೇಕು ಎಂಬುದು ಆಸೆ ಎಂದಿಟ್ಟುಕೊಳ್ಳಿ. ಆ ಮಕ್ಕಳಿಗೆ ಸಾಮಾನ್ಯವಾಗಿ ಬರೆಯುವ ಉತ್ತೇಜಕ ಔಷಧಿಗಳು ಶೆಡ್ಯೂಲ್ 2ರಲ್ಲಿ, ಅಂದರೆ ದುರ್ಬಳಕೆಯ ಅಪಾಯ ಹೆಚ್ಚಿರುವ ನಿಯಂತ್ರಿತ ಔಷಧಿಗಳ ಪಟ್ಟಿಯಲ್ಲಿವೆ. ಟೆಕ್ಸಸ್‌ನಲ್ಲಿ ಎನ್‌ಪಿ ಶೆಡ್ಯೂಲ್ 2 ಔಷಧಿಗಳನ್ನು ಬರೆಯಬಹುದಾದದ್ದು ಆಸ್ಪತ್ರೆಯ ಒಳಗಿನ ಕೆಲವು ಸಂದರ್ಭಗಳಲ್ಲಿ ಮತ್ತು ಹಾಸ್ಪಿಸ್ (ಬದುಕಿನ ಕೊನೆಯ ಹಂತದ ಆರೈಕೆ) ರೋಗಿಗಳಿಗೆ ಮಾತ್ರ. ಆ ಕ್ಲಿನಿಕ್ಕಿನಲ್ಲಿ ಈ ಔಷಧಿಗಳ ಪ್ರತಿ ಚೀಟಿಗೂ ವೈದ್ಯರ ಸಹಿ ಕಾಯಬೇಕಾಗುತ್ತದೆ. ಇದು ಓದಿಗೆ ಮುಂಚೆ ಗೊತ್ತಿರಬೇಕಾದ ಸಂಗತಿ, ಕ್ಲಿನಿಕ್ಕಿನ ನಾಮಫಲಕ ಬರೆಸಿದ ಮೇಲಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ: ಹಲವು ರಾಜ್ಯಗಳಲ್ಲಿ ನಡೆಯುವ ಆರ್‌ಎನ್ ಕಾಂಪ್ಯಾಕ್ಟ್ ಲೈಸೆನ್ಸ್ ಎನ್‌ಪಿಗೂ ನಡೆಯುತ್ತದೆ ಎಂಬುದು. ನಡೆಯುವುದಿಲ್ಲ. ಎನ್‌ಪಿಗೆ ಪ್ರತಿ ರಾಜ್ಯದ್ದೂ ಬೇರೆ ಲೈಸೆನ್ಸ್.

## ಹಂತ 4: ವೀಸಾ ಮತ್ತು ಹಣದ ಲೆಕ್ಕ

ಗ್ರೀನ್ ಕಾರ್ಡ್ ಇರುವವರಿಗೆ ಈ ಹಂತ ಬೇಗ ಮುಗಿಯುತ್ತದೆ. ಉಳಿದವರು ನಿಧಾನವಾಗಿ ಓದಿ.

ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಪ್ರತಿ ಸೆಮಿಸ್ಟರಿನ ಪೂರ್ಣಾವಧಿ ಲೆಕ್ಕಕ್ಕೆ ಸೇರುವುದು ಒಂದೇ ಆನ್‌ಲೈನ್ ತರಗತಿ ಅಥವಾ ಮೂರು ಕ್ರೆಡಿಟ್. ಎನ್‌ಪಿ ಕೋರ್ಸ್‌ಗಳಲ್ಲಿ ಬಹುಪಾಲು ಈಗ ಆನ್‌ಲೈನ್. ಹಾಗಾಗಿ ಬೆಂಗಳೂರಿನಿಂದ ನೇರವಾಗಿ ಎಫ್-1 ಮೇಲೆ ಎನ್‌ಪಿ ಓದಲು ಹೊರಡುವವರಿಗೆ ತರಗತಿಯಲ್ಲೇ ಪಾಠ ನಡೆಯುವ ಕೆಲವೇ ಕಾಲೇಜುಗಳು ಉಳಿಯುತ್ತವೆ. ‘ವೀಸಾ ಎಲ್ಲ ನಾವು ನೋಡಿಕೊಳ್ಳುತ್ತೇವೆ’ ಎನ್ನುವ ಏಜೆಂಟರಿಗೆ ಈ ಒಂದು ಪ್ರಶ್ನೆ ಕೇಳಿ, ಉತ್ತರ ತಡವರಿಸಿದರೆ ಎದ್ದು ಬನ್ನಿ.

ಎಚ್-4ನಲ್ಲಿರುವವರು (ಎಚ್-1ಬಿ ಉದ್ಯೋಗ ವೀಸಾದವರ ಗಂಡ ಅಥವಾ ಹೆಂಡತಿ) ಓದಬಹುದು, ಆದರೆ ಕೆಲಸದ ಅನುಮತಿ ಪತ್ರವಿಲ್ಲದೆ ಸಂಬಳಕ್ಕೆ ದುಡಿಯುವಂತಿಲ್ಲ. ಎನ್‌ಪಿ ಕೋರ್ಸಿಗೆ ಆರ್‌ಎನ್ ಲೈಸೆನ್ಸ್ ಬೇಕು, ಕೆಲವು ರಾಜ್ಯಗಳು ಆರ್‌ಎನ್ ಲೈಸೆನ್ಸಿಗೆ ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆ ಕೇಳುತ್ತವೆ, ಕೆಲಸದ ಅನುಮತಿ ಇಲ್ಲದವರಿಗೆ ಆ ಸಂಖ್ಯೆ ಸಿಗುವುದು ಕಷ್ಟ. ಈ ಸರಪಳಿಯಲ್ಲಿ ನೀವು ಎಲ್ಲಿದ್ದೀರಿ ಎಂದು ಮೊದಲೇ ನೋಡಿಕೊಳ್ಳಿ.

ಒಂದು ಒಳ್ಳೆಯ ಸುದ್ದಿಯೂ ಇದೆ. ಸಾಮಾನ್ಯ ಆರ್‌ಎನ್ ಹುದ್ದೆಗೆ ಎಚ್-1ಬಿ ಸಿಗುವುದು ಅಪರೂಪ. ಎನ್‌ಪಿ ಹುದ್ದೆಗೆ ಸ್ನಾತಕೋತ್ತರ ಪದವಿಯೇ ಕನಿಷ್ಠ ಅರ್ಹತೆ ಆದ್ದರಿಂದ ಎಚ್-1ಬಿ ದಾರಿ ಅಲ್ಲಿ ತೆರೆದಿದೆ. ಈ ನಿಯಮಗಳು ಆಗಾಗ ಬದಲಾಗುತ್ತವೆ. ವಲಸೆ ವಕೀಲರಿಗೆ ಕೊಡುವ ಒಂದು ಗಂಟೆಯ ಶುಲ್ಕ ಇಲ್ಲಿ ಉಳಿತಾಯವೇ.

ಹಣದ ವಿಷಯ. ಫೆಡರಲ್ ವಿದ್ಯಾರ್ಥಿ ಸಾಲ ಸಿಗುವುದು ಮುಖ್ಯವಾಗಿ ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ. ಅವರಿಗೂ 2025ರ ಕಾನೂನಿನಿಂದ ಕಟ್ಟು ಬಿಗಿಯಾಗಿದೆ: 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಗ್ರ್ಯಾಡ್ ಪ್ಲಸ್ ಎಂಬ ಸ್ನಾತಕೋತ್ತರ ಓದಿನ ಸಾಲ ಇರುವುದಿಲ್ಲ, ಸಾಮಾನ್ಯ ಸ್ನಾತಕೋತ್ತರ ಓದಿಗೆ ವರ್ಷಕ್ಕೆ 20,500 ಡಾಲರ್, ಒಟ್ಟು ಒಂದು ಲಕ್ಷ ಡಾಲರ್ ಮಿತಿ. ಕೆಲಸ ಮಾಡುವ ಆಸ್ಪತ್ರೆ ಶುಲ್ಕ ಭರಿಸಿದರೆ ವರ್ಷಕ್ಕೆ 5,250 ಡಾಲರ್‌ವರೆಗೆ ತೆರಿಗೆ ಇಲ್ಲ. ಆದರೆ ಅದಕ್ಕೆ ಪ್ರತಿಯಾಗಿ ಎಷ್ಟು ವರ್ಷ ಅಲ್ಲೇ ಇರಬೇಕೆಂಬ ಷರತ್ತನ್ನು ಓದದೆ ಸಹಿ ಹಾಕಬೇಡಿ.

## ಹಂತ 5: ಎಂಎಸ್‌ಎನ್, ಡಿಎನ್‌ಪಿ, ಅಥವಾ ಸರ್ಟಿಫಿಕೇಟ್

ಇಲ್ಲಿಗೆ ಬರುವ ಹೊತ್ತಿಗೆ ಉತ್ತರ ಬಹುಮಟ್ಟಿಗೆ ಸಿಕ್ಕಿರುತ್ತದೆ.

ಎನ್‌ಪಿ ಆಗಲು ಎಂಎಸ್‌ಎನ್ ಸಾಕು. 2025ರ ಹೊತ್ತಿಗೆ ಎಲ್ಲರೂ ಡಿಎನ್‌ಪಿ ಮಾಡಬೇಕು ಎಂದು ಎನ್‌ಪಿ ಬೋಧಕರ ಸಂಘ 2018ರಲ್ಲಿ ಕರೆ ಕೊಟ್ಟಿತ್ತು. ಅದು ಕಾನೂನಾಗಲಿಲ್ಲ, ಪ್ರಮಾಣಪತ್ರದ ಪರೀಕ್ಷೆಗಳು ಈಗಲೂ ಎಂಎಸ್‌ಎನ್ ಒಪ್ಪುತ್ತವೆ. ‘ಇನ್ನು ಎಂಎಸ್‌ಎನ್ ನಡೆಯುವುದಿಲ್ಲ’ ಎಂದು ಹೆದರಿಸಿ ದುಬಾರಿ ಕೋರ್ಸ್ ಮಾರುವವರನ್ನು ನಂಬಬೇಡಿ. ಪಾಠ ಹೇಳುವ, ಆಸ್ಪತ್ರೆಯ ಆಡಳಿತಕ್ಕೆ ಹೋಗುವ ಆಸೆ ಇದ್ದರೆ ಡಿಎನ್‌ಪಿಗೆ ಅರ್ಥವಿದೆ. ರೋಗಿ ನೋಡುವುದಷ್ಟೇ ಗುರಿಯಾದರೆ ಮೊದಲು ಎಂಎಸ್‌ಎನ್ ಮುಗಿಸಿ ದುಡಿಯಲು ಶುರುಮಾಡಿ; ಡಿಎನ್‌ಪಿಯನ್ನು ಆಮೇಲೆ, ಆಸ್ಪತ್ರೆಯ ದುಡ್ಡಿನಲ್ಲಿ ಮಾಡಬಹುದು. ಪಿಎಚ್‌ಡಿ ಸಂಶೋಧನೆಯ ಪದವಿ, ಅದರಿಂದ ಎನ್‌ಪಿ ಆಗುವುದಿಲ್ಲ.

ಡಿಎನ್‌ಪಿ ಮಾಡಿದವರು ಊರಿನ ಗೃಹಪ್ರವೇಶದ ಆಮಂತ್ರಣದಲ್ಲಿ ಹೆಸರಿನ ಹಿಂದೆ ‘ಡಾ.’ ಹಾಕಿಸಿಕೊಳ್ಳಬಹುದು, ಯಾರೂ ಬೇಡ ಎನ್ನುವುದಿಲ್ಲ. ಕ್ಯಾಲಿಫೋರ್ನಿಯಾದ ಕ್ಲಿನಿಕ್ಕಿನಲ್ಲಿ ರೋಗಿಯ ಮುಂದೆ ಹಾಗೆ ಪರಿಚಯಿಸಿಕೊಂಡರೆ ಕಾನೂನಿನ ತೊಂದರೆ ಬರುತ್ತದೆ.

ಜಿಎನ್‌ಎಂ ಡಿಪ್ಲೊಮಾ ಮಾಡಿ ಆರ್‌ಎನ್ ಆದವರಿಗೆ ಮೊದಲು ಪದವಿ ಸಮಾನ ಓದು ಅಥವಾ ಪದವಿ, ಸ್ನಾತಕೋತ್ತರ ಎರಡನ್ನೂ ಬೆಸೆಯುವ ಸೇತುವೆ ಕೋರ್ಸ್ ಬೇಕು. ಭಾರತದ ಎಂ.ಎಸ್ಸಿ. ನರ್ಸಿಂಗ್ ಇರುವವರು ಸ್ನಾತಕೋತ್ತರದ ನಂತರದ ಸರ್ಟಿಫಿಕೇಟ್ ಕೋರ್ಸ್ ಕೇಳಿ ನೋಡಿ. ಅಲ್ಲಿ ನಿಮ್ಮ ಹಳೆಯ ಓದನ್ನು ಸಾಲು ಸಾಲಾಗಿ ಹೋಲಿಸಿ ಏನು ಬಾಕಿ ಎಂದು ಹೇಳುತ್ತಾರೆ. ಮುಂದುವರಿದ ರೋಗಶರೀರಶಾಸ್ತ್ರ, ದೈಹಿಕ ಪರೀಕ್ಷೆ, ಔಷಧಶಾಸ್ತ್ರ ಈ ಮೂರೂ ಪ್ರತ್ಯೇಕ ಸ್ನಾತಕೋತ್ತರ ವಿಷಯಗಳಾಗಿ ಇರಬೇಕು, ನಮ್ಮ ಎಂ.ಎಸ್ಸಿ. ಪಠ್ಯದಲ್ಲಿ ಇವು ಬೇರೆ ವಿಷಯಗಳೊಳಗೆ ಬೆರೆತಿದ್ದರೆ ಮತ್ತೆ ಓದಬೇಕಾಗಬಹುದು.

## ಹಂತ 6: ಈಗ ಕಾಲೇಜು ಆರಿಸಿ

ಮೊದಲ ಜರಡಿ ಮಾನ್ಯತೆಯದು. ಸಿಸಿಎನ್‌ಇ, ಎಸಿಇಎನ್ ಅಥವಾ ಎನ್‌ಎಲ್‌ಎನ್‌ನ ಸಿಎನ್‌ಇಎ, ಈ ಮೂರು ಮಾನ್ಯತಾ ಸಂಸ್ಥೆಗಳಲ್ಲಿ ಒಂದರ ಮಾನ್ಯತೆ ನೀವು ಓದಲಿರುವ ಕೋರ್ಸಿಗೇ ಇರಬೇಕು. ಎರಡನೆಯ ಜರಡಿ, ಆ ಆನ್‌ಲೈನ್ ಕೋರ್ಸ್ ನೀವು ವಾಸಿಸುವ ರಾಜ್ಯದ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತದೆಯೇ ಮತ್ತು ಆ ರಾಜ್ಯದ ಲೈಸೆನ್ಸಿಗೆ ಸಾಲುತ್ತದೆಯೇ ಎಂಬುದು. ಓದಿನ ನಡುವೆ ಗಂಡನಿಗೋ ಹೆಂಡತಿಗೋ ಬೇರೆ ರಾಜ್ಯಕ್ಕೆ ವರ್ಗವಾದರೆ ಏನಾಗುತ್ತದೆ ಎಂದೂ ಕೇಳಿಟ್ಟುಕೊಳ್ಳಿ. ಸಾಫ್ಟ್‌ವೇರ್ ಉದ್ಯೋಗಿಗಳ ಮನೆಗಳಲ್ಲಿ ಇದು ಊಹೆಯ ಪ್ರಶ್ನೆಯಲ್ಲ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಪ್ರಿಸೆಪ್ಟರ್. ನಿಮ್ಮನ್ನು ಪಕ್ಕದಲ್ಲಿ ಇರಿಸಿಕೊಂಡು ಕಲಿಸುವ ಎನ್‌ಪಿ ಅಥವಾ ವೈದ್ಯರನ್ನು ಕಾಲೇಜೇ ಹುಡುಕಿ ಕೊಡುತ್ತದೆಯೋ, ನೀವೇ ಹುಡುಕಬೇಕೋ? 2022ರ ರಾಷ್ಟ್ರೀಯ ಮಾನದಂಡ ಕನಿಷ್ಠ 750 ಗಂಟೆ ರೋಗಿಗಳ ನೇರ ಆರೈಕೆ ಕೇಳುತ್ತದೆ. ವಾರಕ್ಕೆ ಎಂಟೆಂಟು ಗಂಟೆಯ ಎರಡು ದಿನ ಹೋದರೂ ಹತ್ತಿರಹತ್ತಿರ 47 ವಾರ. ಇಷ್ಟು ಕಾಲ ಸಂಬಳವಿಲ್ಲದೆ ಕಲಿಸಲು ಒಪ್ಪುವವರನ್ನು ಹುಡುಕುತ್ತಾ ಹತ್ತಾರು ಕ್ಲಿನಿಕ್‌ಗಳ ಮೇಜಿನ ಮೇಲೆ ಬಯೋಡೇಟಾ ಇಟ್ಟು ಬರುವ ಕೆಲಸ ವಿದ್ಯಾರ್ಥಿಯ ತಲೆಗೆ ಬಿದ್ದರೆ, ಒಂದೊಂದು ಸೆಮಿಸ್ಟರ್ ಮುಂದೆ ಹೋಗುತ್ತದೆ. ಹಣ ಕೊಟ್ಟು ಪ್ರಿಸೆಪ್ಟರ್ ಕೊಳ್ಳುವ ದಂಧೆಯೂ ಬೆಳೆದಿದೆ. ಶುಲ್ಕ ಕಡಿಮೆ ಎಂದು ಕಂಡ ಕಾಲೇಜು ಕೊನೆಗೆ ದುಬಾರಿಯಾಗುವುದು ಹೀಗೆ.

ಈ ಕೆಳಗಿನವು ಕಂಡರೆ ಎಚ್ಚರ:

- ಮೊದಲ ಪ್ರಯತ್ನದಲ್ಲಿ ತೇರ್ಗಡೆಯಾದವರ ಪ್ರಮಾಣ ಕೇಳಿದಾಗ ‘ಒಟ್ಟು ತೇರ್ಗಡೆ’ಯ ಸಂಖ್ಯೆ ಹೇಳುತ್ತಾರೆ.
- ಪ್ರಿಸೆಪ್ಟರ್ ಬಗ್ಗೆ ‘ಸಹಾಯ ಮಾಡುತ್ತೇವೆ’ ಎನ್ನುತ್ತಾರೆ, ‘ಒದಗಿಸುತ್ತೇವೆ’ ಎಂದು ಬರೆದು ಕೊಡುವುದಿಲ್ಲ.
- ಫೋನ್ ಮಾಡಿದ ದಿನವೇ ಸೀಟು ಸಿಗುತ್ತದೆ, ದಿನಕ್ಕೆ ಮೂರು ಸಲ ಅವರೇ ತಿರುಗಿ ಕರೆ ಮಾಡುತ್ತಾರೆ.
- ಬೋಧಕರೊಂದಿಗೆ ಮಾತಾಡಬೇಕೆಂದರೆ ಮತ್ತೆ ಪ್ರವೇಶ ವಿಭಾಗಕ್ಕೇ ಕಳಿಸುತ್ತಾರೆ.

## ಹಂತ 7: ಕರ್ನಾಟಕದಿಂದ ಬರಬೇಕಾದ ಕಾಗದಗಳು

ಕೊನೆಯ ದಿನಾಂಕಕ್ಕೆ ಕನಿಷ್ಠ ಆರು ತಿಂಗಳ ಮೊದಲು ಶುರುಮಾಡಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 1996ರಲ್ಲಿ ಬಂದದ್ದು. ಅದಕ್ಕೂ ಮೊದಲು ಓದಿದವರು ತಮ್ಮ ಅಂದಿನ ವಿಶ್ವವಿದ್ಯಾಲಯವನ್ನೇ ಕೇಳಬೇಕು. ಟ್ರಾನ್ಸ್‌ಕ್ರಿಪ್ಟ್ ಎಂದರೆ ಅಂಕಪಟ್ಟಿಯ ಜೆರಾಕ್ಸ್ ಅಲ್ಲ. ವಿಷಯವಾರು ಥಿಯರಿ ಗಂಟೆ, ಕ್ಲಿನಿಕಲ್ ಗಂಟೆ ಇರುವ, ಸಂಸ್ಥೆಯಿಂದ ನೇರವಾಗಿ ಮೌಲ್ಯಮಾಪನ ಸಂಸ್ಥೆಗೆ ಹೋಗುವ ದಾಖಲೆ. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಪರಿಶೀಲನೆಯೂ ಬೇಕಾಗಬಹುದು. ಆರ್‌ಎನ್ ಆಗುವಾಗ ಸಿಜಿಎಫ್‌ಎನ್‌ಎಸ್ ಎಂಬ ಮೌಲ್ಯಮಾಪನ ಸಂಸ್ಥೆ ಮಾಡಿದ ವರದಿ ಇದ್ದರೆ (ಆ ಸಂಸ್ಥೆ 2025ರಲ್ಲಿ ಟ್ರೂಮೆರಿಟ್ ಎಂದು ಹೆಸರು ಬದಲಿಸಿತು) ಕಾಲೇಜು ಅದನ್ನೇ ಒಪ್ಪುತ್ತದೆಯೇ ಎಂದು ಮೊದಲು ಕೇಳಿ, ಎರಡನೆಯ ಸಲ ಹಣ ಕಟ್ಟಬೇಡಿ.

ಶೇ 62 ಅಂಕ ಎಂದು ಹಿಂಜರಿಯುವವರಿದ್ದಾರೆ. ಮೌಲ್ಯಮಾಪನ ಸಂಸ್ಥೆಗಳು ನಮ್ಮ ಪ್ರಥಮ ದರ್ಜೆಯನ್ನು ಅಮೆರಿಕದ ಶೇ 62 ಎಂದು ಓದುವುದಿಲ್ಲ. ಅಳತೆ ಬದಲಿಸಿಯೇ ಲೆಕ್ಕ ಹಾಕುತ್ತವೆ. ವರದಿ ಬರುವ ಮೊದಲೇ ಅರ್ಜಿ ಕೈಬಿಡಬೇಡಿ.

ಹೆಸರಿನ ಗೊಂದಲ ನಮ್ಮವರಿಗೇ ವಿಶೇಷ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಸವಿತಾ ಎಚ್. ಎಂ.’, ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಊರು ಮತ್ತು ತಂದೆಯ ಹೆಸರು ಮುಂದೆ ಬಂದು ಸವಿತಾ ಕೊನೆಗೆ, ಮದುವೆಯಾದ ಮೇಲೆ ಆರ್‌ಎನ್ ಲೈಸೆನ್ಸ್‌ನಲ್ಲಿ ಗಂಡನ ಹೆಸರು. ಮೂರೂ ಒಬ್ಬರೇ ಎಂದು ಅಲ್ಲಿಯ ಗುಮಾಸ್ತರಿಗೆ ಹೇಗೆ ಗೊತ್ತಾಗಬೇಕು? ಎಲ್ಲ ರೂಪಗಳನ್ನೂ ನಮೂದಿಸಿದ ನೋಟರಿ ಪ್ರಮಾಣಪತ್ರವನ್ನು ರಜೆಗೆ ಊರಿಗೆ ಬಂದಾಗಲೇ ಮಾಡಿಸಿಟ್ಟುಕೊಳ್ಳಿ, ಎರಡು ಪ್ರತಿ ಹೆಚ್ಚಿಗೆ ಇರಲಿ.

## ಹಂತ 8: ಓದು ಮುಗಿದ ಮೇಲಿನ ಕ್ರಮ

ಪದವಿ ಬಂತೆಂದು ಆರ್‌ಎನ್ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಮೊದಲು ನಿಮ್ಮ ವಿಭಾಗದ ರಾಷ್ಟ್ರೀಯ ಪ್ರಮಾಣಪತ್ರ ಪರೀಕ್ಷೆ. ಪರೀಕ್ಷೆ ನಡೆಸುವ ಸಂಸ್ಥೆಗಳಲ್ಲಿ ಎಎನ್‌ಸಿಸಿ, ಎಎಎನ್‌ಪಿಸಿಬಿ ಇವೆರಡು ಹೆಚ್ಚಿನವರಿಗೆ, ಮಕ್ಕಳ ವಿಭಾಗಕ್ಕೆ ಪಿಎನ್‌ಸಿಬಿ, ನವಜಾತ ಮತ್ತು ಮಹಿಳಾ ವಿಭಾಗಕ್ಕೆ ಎನ್‌ಸಿಸಿ. ನಂತರ ರಾಜ್ಯದ ಎನ್‌ಪಿ ಲೈಸೆನ್ಸ್, ಔಷಧಿ ಬರೆಯುವ ಅಧಿಕಾರ, ಎನ್‌ಪಿಐ ಎಂಬ ರಾಷ್ಟ್ರೀಯ ಗುರುತಿನ ಸಂಖ್ಯೆ, ನಿಯಂತ್ರಿತ ಔಷಧಿಗಳಿಗೆ ಡಿಇಎ (ಫೆಡರಲ್ ಮಾದಕವಸ್ತು ನಿಯಂತ್ರಣ ಸಂಸ್ಥೆ) ನೋಂದಣಿ, ಕೊನೆಗೆ ವಿಮಾ ಕಂಪನಿಗಳ ಪಟ್ಟಿಗೆ ಸೇರುವುದು. ಈ ಕೊನೆಯದೊಂದೇ ಎರಡು ಮೂರು ತಿಂಗಳು ಎಳೆಯಬಹುದು, ಅಲ್ಲಿಯವರೆಗೆ ನೀವು ನೋಡಿದ ರೋಗಿಗಳಿಗೆ ಕ್ಲಿನಿಕ್ಕಿಗೆ ಹಣ ಬರುವುದಿಲ್ಲ.

ಮೊದಲ ಕೆಲಸದ ಒಪ್ಪಂದದಲ್ಲಿ ಸಂಬಳಕ್ಕಿಂತ ಮೊದಲು ಮೂರು ಸಾಲು ಹುಡುಕಿ. ಮೊದಲ ತಿಂಗಳುಗಳಲ್ಲಿ ದಿನಕ್ಕೆ ಎಷ್ಟು ರೋಗಿಗಳು, ಸಂದೇಹ ಬಂದಾಗ ಕೇಳಲು ಕಟ್ಟಡದಲ್ಲಿ ಯಾರು ಇರುತ್ತಾರೆ, ಕೆಲಸ ಬಿಟ್ಟ ಮೇಲೆ ಹಳೆಯ ರೋಗಿ ಮೊಕದ್ದಮೆ ಹೂಡಿದರೆ ವಿಮೆಯ ಕಂತು ಯಾರು ಕಟ್ಟುತ್ತಾರೆ. ಮೂರನೆಯದನ್ನು ಹೊಸಬರು ಕೇಳುವುದೇ ಇಲ್ಲ, ಕ್ಲಿನಿಕ್ಕಿನವರು ತಾವಾಗಿ ಹೇಳುವುದೂ ಇಲ್ಲ. ಬಾಯಿಮಾತಿನ ಭರವಸೆ ಕೊಟ್ಟರೆ ಅದನ್ನೇ ಒಪ್ಪಂದದಲ್ಲಿ ಸೇರಿಸಿ ಎಂದು ಕೇಳಿ, ಸೇರಿಸಿದ ಪ್ರತಿ ಬಂದ ಮೇಲೆ ಸಹಿ ಮಾಡಿ.